ಕೆಂಪು ದೀಪದಲ್ಲಿ ಕಾಣದ ಗುರುತು

ಹುಣಸೆ ಬಡಿಯುವ ಕಾಲ. ಸಿರಾ ಪೇಟೆಯ ಹಿಂದಿನ ಬೀದಿಯಲ್ಲಿ ಹೆಂಗಸರು ಜಗಲಿಯ ಮೇಲೆ ಕಾಲು ನೀಡಿ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಅದರ ಹುಳಿ ಘಮಲು ಷರೀಫ್ ಸ್ಟುಡಿಯೊದೊಳಕ್ಕೂ ನುಗ್ಗಿ, ಡಾರ್ಕ್‌ರೂಮಿನ ಚಿತ್ರ ನಿಲ್ಲಿಸುವ ಹೈಪೋ ದ್ರಾವಣದ ವಾಸನೆಯೊಂದಿಗೆ ಬೆರೆತು ಕೂತಿತ್ತು.

ಶಹರ್ಬಾನು ಡೆವಲಪರ್ ಸೀಸೆಗಳನ್ನು ಮಣ್ಣಿನ ಗುಡಾಣದ ನೀರಿಗೆ ಇಳಿಬಿಟ್ಟು, ಗುಡಾಣಕ್ಕೆ ಒದ್ದೆ ಗೋಣಿ ಸುತ್ತಿದಳು. ಮಾಘ ಕಳೆಯಿತೆಂದರೆ ಈ ಊರಿನಲ್ಲಿ ನಲ್ಲಿಯ ನೀರೇ ಬಿಸಿಯಾಗಿ ಬರುತ್ತದೆ. ಔಷಧಿ ಬಿಸಿಯಾದರೆ ಫಿಲಂ ಮೇಲೆ ಅವಸರ ಮಾಡುತ್ತದೆ. ಮೋಡ, ಬಿಳಿ ಪಂಚೆ, ಕುರಿಯ ಉಣ್ಣೆ ಎಲ್ಲವೂ ಸುಣ್ಣ ಮೆತ್ತಿದ ಗೋಡೆಯಂತೆ ಒಂದೇ ಆಗಿಬಿಡುತ್ತವೆ. ‘ನೆರಳು ನೋಡಿ ಬೆಳಕು ಬಿಡು, ಬೆಳಕು ನೋಡಿ ಔಷಧಿ ನಿಲ್ಲಿಸು’ ಎನ್ನುತ್ತಿದ್ದ ಅಬ್ಬಾ ಅಹಮದ್ ಷರೀಫ್ ಹೋಗಿ ಎಷ್ಟೋ ಕಾಲವಾಗಿತ್ತು. ಮಾತು ಮಾತ್ರ ಗುಡಾಣದ ಪಕ್ಕದಲ್ಲೇ ಉಳಿದುಕೊಂಡಿತ್ತು.

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ತಮ್ಮ ಅಸ್ಲಂ ರಾಗಿರೊಟ್ಟಿ ಮುರಿಯುತ್ತಿದ್ದ. ಹೊರಗೆ ಅವನ ಗೂಡ್ಸ್ ಆಟೊ. ಅದರ ಹಿಂಬದಿಯ ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ಅವನ ಮಗಳ ಹೆಸರು, ‘ನೂರೀನ್’. ಬರೆದವಳು ಶಹರ್ಬಾನುವೇ. ಕೊನೆಯ ಅಕ್ಷರದ ಬಾಲವನ್ನು ಎಳೆದು ಒಂದು ಹೂವಿಗೆ ಸೇರಿಸಿದ್ದಳು.

“ಆಪಾ, ಊರೋರೆಲ್ಲ ಮೊಬೈಲಲ್ಲಿ ಟಕ್ ಅಂತ ಫೋಟೊ ಹೊಡೀತಾರೆ. ನೀನು ನೋಡಿದ್ರೆ ಬಾಣಂತಿಗೆ ಕಷಾಯ ಕಾಸೋ ಹಂಗೆ ಕಾಸ್ತಾ ಕೂತಿರ್ತೀಯ.”

“ಬೆಂಗಳೂರೋರು ಕೊರಿಯರಲ್ಲಿ ಫಿಲಂ ಕಳಿಸ್ತಾರಲ್ಲ, ಅವರೆಲ್ಲ ಹುಚ್ಚರಾ?”

“ಹುಚ್ಚರೇ. ಹುಚ್ಚರಿಗೊಬ್ಬಳು ಡಾಕ್ಟರು.” ಅವನು ಕೈ ತೊಳೆದ. “ಪಾವಗಡದ ಬಾಡಿಗೆ ಇದೆ. ವೈ.ಎನ್.ಹೊಸಕೋಟೆಗೆ ಕಡಲೆಕಾಯಿ ಬೀಜ ಇಳಿಸಿ ಸಂಜೆಗೆ ಬರ್ತೀನಿ. ಚಟ್ನಿಗೆ ಉಪ್ಪು ಕಮ್ಮಿ.”

“ಮುಗಿಸಿದ ಮೇಲೆ ಹೇಳ್ತೀಯಲ್ಲ.”

ಅವನು ನಗುತ್ತಾ ಹೊರಟ. ಆಟೊದ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ಶಹರ್ಬಾನುವಿನ ಕಣ್ಣು ಮೇಜಿನ ಮೇಲಿದ್ದ ಚೌಕಟ್ಟಿನ ಮೇಲೆ ಹೋಯಿತು.

ಅದು ಇವಳೇ ಪ್ರಿಂಟ್ ಹಾಕಿದ ಕಪ್ಪು-ಬಿಳುಪು ಫೋಟೊ. ಬುಕ್ಕಾಪಟ್ಟಣದ ಕಡೆ ಕುರಿ ವ್ಯಾಪಾರಿ ಬೈಲಪ್ಪನ ಹುಣಸೆ ತೋಪು. ಮುಂದೆ ನೀರಿನ ತೊಟ್ಟಿ, ಅದಕ್ಕೆ ಮುಗಿಬಿದ್ದ ಬಿಳಿ ಕುರಿಗಳು, ನಡುವೆ ಒಂದು ಕೊಂಬು ಮುರಿದ ಟಗರು. ಮೇಲೆ ಕುದಿದು ಉಕ್ಕಿದಂಥ ಮೋಡ. ಮರಗಳ ಬುಡ ಕಾಡಿಗೆಯಷ್ಟು ಕಪ್ಪು. ತೆಗೆದವಳು ಮಧುಗಿರಿಯ ಡ್ರಾಯಿಂಗ್ ಮೇಡಂ ಲೋಹಿತಾ, ದೀಪಾವಳಿಯ ಮರುದಿನ ಬೆಳಿಗ್ಗೆ. ತೋಪಿನ ಯಜಮಾನನಿಗೂ ಇರಲಿ ಎಂದು ಬೈಲಪ್ಪನಿಗೆ ಒಂದು ಪ್ರತಿ ಕೊಟ್ಟಿದ್ದಳು.

ಈಗ ಅದೇ ಪ್ರತಿ ಒಬ್ಬ ಮನುಷ್ಯನನ್ನು ಜೈಲಿಗೆ ತಳ್ಳುವ ಹಂತಕ್ಕೆ ಬಂದಿತ್ತು.

ದೀಪಾವಳಿ ರಾತ್ರಿ ಕುರಿ ಕಾಯುವ ಓಬಳಯ್ಯನ ಕುರಿರೊಪ್ಪದ ಬೇಲಿಯೊಳಗಿಂದ ಕಾಣೆಯಾದ ಕುರಿಗಳು ಸಂಕ್ರಾಂತಿಯ ನಂತರ ಬೈಲಪ್ಪನ ಮಂದೆಯಲ್ಲಿ ಅವನ ಕಣ್ಣಿಗೆ ಬಿದ್ದಿದ್ದವು. ಓಬಳಯ್ಯ ಅವನ್ನು ತನ್ನ ರೊಪ್ಪಕ್ಕೆ ಅಟ್ಟಿಕೊಂಡು ಬಂದ. ಬೈಲಪ್ಪ ಅದನ್ನೇ ಕಳವು ಎಂದು ದೂರು ಕೊಟ್ಟ. ಓಬಳಯ್ಯನ ಹಟ್ಟಿಯವರು ದೀಪಾವಳಿಗೆ ಮುಂಚೆ ಪ್ರತಿ ಕುರಿಯ ಹಿಂಭಾಗದ ಚಪ್ಪೆಯ ಮೇಲೆ ಹರಳೆಣ್ಣೆಯಲ್ಲಿ ಕಲಸಿದ ಕೆಂಪು ಬಣ್ಣದಿಂದ ಅಂಗೈಯಗಲ ಗುರುತು ಹಚ್ಚುತ್ತಾರೆ. ಬೈಲಪ್ಪನ ಮಾತು ಒಂದೇ: “ಕದ್ದ ಮೇಲೆ ಹಚ್ಚವ್ನೆ. ಅವತ್ತಿನ ಫೋಟೊ ನೋಡಿ, ಅದೇ ಒಂಟಿಕೊಂಬಿನ ಟಗರು, ಮೈಮೇಲೆ ಒಂದು ಚುಕ್ಕೆನೂ ಇಲ್ಲ.”

ನಿಜಕ್ಕೂ ಇರಲಿಲ್ಲ.

ನಿನ್ನೆ ಸಬ್‌ ಇನ್‌ಸ್ಪೆಕ್ಟರ್ ಶಶಿರೇಖಾ ಬಂದು ಚೌಕಟ್ಟು ಇಟ್ಟು ಹೋಗಿದ್ದರು. ಕೊರಟಗೆರೆ ಕಡೆಯವರು, ಮಾತು ಕಡಿಮೆ. “ಕೈಯಾಡಿಸಿದ ಫೋಟೊ ಅಲ್ಲ ಅಂತ ಬರೆದುಕೊಡಿ. ನಾಳೆ ಮಧ್ಯಾಹ್ನ ಬರ್ತೀನಿ. ಆಮೇಲೆ ಓಬಳಯ್ಯನ್ನ ಕೋರ್ಟಿಗೆ ಕಳಿಸಬೇಕು,” ಎಂದಿದ್ದರು. ಹೊರಡುವಾಗ ಮರಗಳ ಬುಡಕ್ಕೆ ಬೆರಳಿಟ್ಟು, “ಇಲ್ಲಿ ಯಾಕೆ ಏನೂ ಕಾಣಲ್ಲ?” ಎಂದು ಕೇಳಿದ್ದರು.

ಶಹರ್ಬಾನು ಎರಡು ಪೇಪರ್ ಡಬ್ಬಿ ತೋರಿಸಿದ್ದಳು. ಎರಡನೇ ನಂಬರ್ ಪೇಪರ್ ಮೆತ್ತಗಿನದು. ನೆರಳೊಳಗೆ ಇರುವುದನ್ನೂ ಹೊರಗೆ ಕರೆಯುತ್ತದೆ. ನಾಲ್ಕನೇ ನಂಬರ್ ಗಡಸು. ಬಿಳಿಯನ್ನು ಬೆಳ್ಳಗೆ, ಕಪ್ಪನ್ನು ಕರ್ರಗೆ ಮಾಡಿ, ನಡುವಿನದನ್ನೆಲ್ಲ ನುಂಗಿಬಿಡುತ್ತದೆ. ಲೋಹಿತಾ ಕೇಳಿದ್ದು ನಾಲ್ಕು. ಶಶಿರೇಖಾ ತಲೆಯಾಡಿಸಿ ಹೋಗಿದ್ದರು.

ಬರೆದುಕೊಡುವುದೇನೋ ಸುಲಭ. ಕೈಯಾಡಿಸಿರಲಿಲ್ಲ. ಆದರೂ ಬೆಳಗಿನಿಂದ ಅವಳ ಪೆನ್ನು ಏಳುತ್ತಿರಲಿಲ್ಲ.

*

ಕೆಂಪು ದೀಪ ಹಾಕಿ ಬೆಂಗಳೂರಿನವರ ಪ್ರಿಂಟ್‌ಗಳನ್ನು ಟ್ರೇಯಲ್ಲಿ ಅಲುಗಾಡಿಸುತ್ತಿರುವಾಗ ಹೊರಗೆ ದನಿ ಕೇಳಿತು.

“ಬಾನಮ್ಮ, ಇದೀಯೇನವ್ವ?”

ಓಬಳಯ್ಯನ ಹೆಂಡತಿ ಲಕ್ಕಮ್ಮ. ಶಹರ್ಬಾನುವಿಗೆ ಗುರುತು ಹತ್ತಿತು.

“ಕೈಯಲ್ಲಿ ಪೇಪರ್ ಇದೆ, ಹೊರಗೆ ಬರಕ್ಕಾಗಲ್ಲ. ನೀನೇ ಒಳಗೆ ಬಾ. ಕಂಬಳಿ ಎಳೆದುಬಿಡು, ಬೆಳಕು ಬಂದ್ರೆ ಎಲ್ಲ ಹಾಳು.”

ಬಾಗಿಲಿಗೆ ಎರಡು ಪದರ ಕರಿಕಂಬಳಿ ತೂಗುಹಾಕಿತ್ತು. ಲಕ್ಕಮ್ಮ ಅದನ್ನು ಸರಿಸಿ ಒಳಬಂದವಳು ಹಿಂದಿರುಗಿ ಅದರ ಅಂಚನ್ನು ಸವರಿದಳು.

“ಇನ್ನೂ ಗಟ್ಟಿಯಾಗಿ ಅದೆ. ನಮ್ಮಾವ ನೇಯ್ದಿದ್ದು. ನಿಮ್ಮಪ್ಪ ಈಸ್ಕಂಡಾಗ ಏನಂದ್ರು ಗೊತ್ತಾ? ಗಂಡ ಹೆಂಡ್ತಿನ ಒಂದ್ಕಿತ ಕೂರ್ಸಿ ಫೋಟೊ ತೆಗ್ದು ಕೊಡ್ತೀನಿ ಅಂದ್ರು. ನಂಗೆ ಆಗ ಹೊಸ ಮದ್ವೆ. ಈಗ ಹಲ್ಲೂ ಉದ್ರೋದ್ವು.”

“ಅಬ್ಬಾ ಹೇಳ್ತಾ ಇದ್ರು. ನೀವು ಬರಲೇ ಇಲ್ಲ.”

“ಕುರಿ ಬುಟ್ಟು ಹೆಂಗೆ ಬರೋದು ಕಣಮ್ಮ? ಕುರಿ ಕಾಯೋನು ಎರಡು ಕಾಲೂ ಒಂದೇ ಕಡೆ ಇಡಂಗಿಲ್ಲ.” ಅವಳ ದನಿ ಇಳಿಯಿತು. “ಈಗ ಸ್ಟೇಶನ್‌ನಲ್ಲಿ ಕೂರ್ಸವ್ರೆ. ಅಲ್ಲಿ ಎರಡು ಕಾಲೂ ಒಂದೇ ಕಡೆ ಅವೆ. ಎಸ್‌ಐ ಅಮ್ಮ ಅಂದ್ಲು, ಸ್ಟುಡಿಯೊದಮ್ಮ ಬರ್ಕೊಡೋದ್ರ ಮೇಲೆ ಅದೆ ಅಂತ. ಅದ್ಕೇ ಬಂದ್ಬುಟ್ಟೆ.”

ಸೆರಗಿನ ಗಂಟು ಬಿಚ್ಚಿ ಏನನ್ನೋ ಅಂಗೈಯಲ್ಲಿ ಹಿಡಿದಳು. “ಟಗರಿನ ಚಪ್ಪೆಯಿಂದ ಕತ್ತರಿಸ್ಕಂಡು ಬಂದಿವ್ನಿ. ನೋಡು, ಬಣ್ಣ ಬುಡದ ಗಂಟ ಇಳ್ದದೆ. ನೆನ್ನೆ ಮೊನ್ನೆ ಹಚ್ಚಿದ್ದು ಇಂಗೆ ಇಳಿತದಾ?”

ಶಹರ್ಬಾನು ಬಗ್ಗಿ ನೋಡಿದಳು. ಬೆಳ್ಳಗಿನ ಉಣ್ಣೆ.

“ಬಣ್ಣ ಎಲ್ಲಿ?”

“ಇಕಾ, ಇಲ್ಲೇ. ಕೆಂಪು.”

“ಇದು ಬರೀ ಬಿಳಿ ಉಣ್ಣೆ ಲಕ್ಕಮ್ಮ.”

“ಆಡ್ಕತೀಯಾ ಬಾನಮ್ಮ? ಗಂಡ ಸ್ಟೇಶನ್‌ನಲ್ಲಿ ಅವ್ನೆ, ನೀನೂ ಆಡ್ಕೋ.” ಎಂದವಳು ಅಂಗೈಯನ್ನು ಮುಖದ ಹತ್ತಿರ ತಂದು ತಿರುಗಿಸಿ ನೋಡಿದಳು. “ಅಯ್ಯೋ ಶಿವನೆ. ಎಲ್ಲೋಯ್ತು? ದಾರಿಲಿ ಇತ್ತು.”

ಟ್ರೇಯಲ್ಲಿದ್ದ ಪ್ರಿಂಟ್ ಕರ್ರಗಾಗುತ್ತಿತ್ತು. ಶಹರ್ಬಾನು ಅದನ್ನು ಎತ್ತಿ ಹೈಪೋಗೆ ಹಾಕಬೇಕಿತ್ತು. ಹಾಕಲಿಲ್ಲ. ಅವಳು ತಲೆಯೆತ್ತಿ ಕೆಂಪು ದೀಪವನ್ನೇ ನೋಡುತ್ತಿದ್ದಳು.

ಆಮೇಲೆ ಲಕ್ಕಮ್ಮನ ಕೈ ಹಿಡಿದು ಕಂಬಳಿ ಸರಿಸಿ ಹೊರಗೆ ಕರೆತಂದಳು. ಬಿಸಿಲಿನಲ್ಲಿ ಅಂಗೈಯ ಉಣ್ಣೆ ದಾಸವಾಳದಂತೆ ಕೆಂಪಾಗಿತ್ತು.

ಲಕ್ಕಮ್ಮ ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. “ಏನವ್ವ ಇದು, ನಿನ್ನ ಕೋಣೆಗೆ ಗಾಳಿ ಹಿಡ್ದದಾ?”

“ಗಾಳಿ ಅಲ್ಲ. ಕೆಂಪು ಬೆಳಕಲ್ಲಿ ಕೆಂಪೂ ಒಂದೇ, ಬಿಳೀನೂ ಒಂದೇ.” ಶಹರ್ಬಾನು ಆಗಲೇ ಫೋನ್ ಎತ್ತಿಕೊಂಡಿದ್ದಳು.

ಲೋಹಿತಾ ಮಧುಗಿರಿಯ ಶಾಲೆಯಲ್ಲಿದ್ದಳು. ಹಿಂದೆ ಮಕ್ಕಳ ಗಲಾಟೆ.

“ಮೇಡಂ, ಆ ಹುಣಸೆ ತೋಪಿನ ಫೋಟೊ. ಲೆನ್ಸಿಗೆ ಕೆಂಪು ಗಾಜು ಹಾಕಿದ್ರಾ?”

“ಹೌದು ಬಾನು ಅವರೇ. ಆಕಾಶ ಕಪ್ಪಾಗಿ ಮೋಡ ಎದ್ದು ಕಾಣಲಿ ಅಂತ. ಯಾಕೆ?”

ಶಹರ್ಬಾನು ಹೇಳಿದಳು. ಆ ಕಡೆ ಮಕ್ಕಳ ಗಲಾಟೆ ದೂರವಾಯಿತು. ಲೋಹಿತಾ ಕ್ಲಾಸಿನಿಂದ ಹೊರಗೆ ಬಂದಿರಬೇಕು, ದನಿ ಸ್ಪಷ್ಟವಾಯಿತು.

“ಹಾಗಾದ್ರೆ ನನ್ನ ಮೋಡಕ್ಕೋಸ್ಕರ ಆ ಮನುಷ್ಯನ ಗುರುತು ಅಳಿಸಿಹೋಯ್ತು. ತಡೀರಿ, ತಡೀರಿ. ರೋಲ್ ಹಾಕಿದ ಕೂಡಲೇ ಒಂದು ಹೊಡೆದಿದ್ದೆ, ಗಾಜು ಹಾಕೋಕೆ ಮುಂಚೆ. ನೆರಳೂ ಕಾಣಲಿ ಅಂತ ಧಾರಾಳವಾಗಿ ಬೆಳಕು ಬಿಟ್ಟಿದ್ದೆ. ರೋಲಿನ ತುದಿ ಬೆಳಕಿಗೆ ಸುಟ್ಟುಹೋಗಿದೆ ಅಂತ ನೀವೇ ಪ್ರಿಂಟ್ ಬೇಡ ಅಂದಿದ್ರಿ. ಅದು ನಿಮ್ಮ ಹತ್ತಿರ ಇದೆಯಾ?”

ಇತ್ತು. ಷರೀಫ್ ಸ್ಟುಡಿಯೊದಲ್ಲಿ ನೆಗೆಟಿವ್ ಎಸೆಯುವ ರೂಢಿ ಅಬ್ಬಾನ ಕಾಲದಿಂದಲೂ ಇರಲಿಲ್ಲ.

*

ಲಕ್ಕಮ್ಮನಿಗೆ ಟೀ ತರಿಸಿಕೊಟ್ಟು ಹೊರಗೆ ಕೂರಿಸಿ, ಶಹರ್ಬಾನು ಒಬ್ಬಳೇ ನೆಗೆಟಿವನ್ನು ಪೇಪರಿನ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್ ಮುಂದೆ ನಿಂತಳು. ಎಂದಿನಂತೆ ಮೊದಲಿಗೆ ಎರಡನೇ ನಂಬರ್ ಪೇಪರಿನ ಒಂದು ತುಂಡು. ನೆಗೆಟಿವ್‌ನಲ್ಲಿ ಏನೇನಿದೆ ಎಂದು ಮೆತ್ತಗಿನ ಪೇಪರಿನಲ್ಲಿ ನೋಡಿಕೊಂಡ ಮೇಲೆಯೇ ಗಡಸು ಆರಿಸುವುದು ಅವಳ ಪದ್ಧತಿ.

ಟ್ರೇಯಲ್ಲಿ ಚಿತ್ರ ನಿಧಾನವಾಗಿ ಎದ್ದಿತು. ತೊಟ್ಟಿ, ಕುರಿಗಳು, ಒಂಟಿಕೊಂಬಿನ ಟಗರು. ಟಗರಿನ ಚಪ್ಪೆಯ ಮೇಲೆ ಅಂಗೈಯಗಲದ ದಟ್ಟ ಬೂದು ಕಲೆ. ಪಕ್ಕದ ಕುರಿಯ ಮೇಲೂ. ಅದರ ಪಕ್ಕದ್ದರ ಮೇಲೂ.

ಅವಳಿಗೆ ನಗು ಬಂತು. ಒಬ್ಬಳೇ ನಕ್ಕಳು. ಓಬಳಯ್ಯ ಮನೆಗೆ ಬರುತ್ತಾನೆ. ಹೊರಗೆ ಟೀ ಆರಿಸಿಕೊಂಡು ಕುಡಿಯುತ್ತಿರುವವಳಿಗೆ ಈಗಲೇ ಹೇಳಬೇಕು ಎಂದು ತುಂಡನ್ನು ಹೈಪೋದಿಂದ ತೆಗೆದು ನೀರಿನಲ್ಲಿ ಜಾಲಾಡಿ, ಬಿಳಿ ದೀಪ ಹಾಕಿದಳು.

ಆಗ ಮರದ ಬುಡ ಕಂಡಿತು.

ನೆರಳಿನಲ್ಲಿ ಒಂದು ಗೂಡ್ಸ್ ಆಟೊ. ಹಿಂಬದಿಯ ಹಲಗೆ ಅರ್ಧ ಕೆಳಗಿಳಿದಿತ್ತು. ಕೊನೆಯ ಕುರಿ ಇನ್ನೂ ಅದರ ಮೇಲಿಂದ ಇಳಿಯುತ್ತಿತ್ತು. ಹಲಗೆಯ ಮೇಲೆ ತಿಳಿ ಬಣ್ಣದ ಅಕ್ಷರ. ಓದುವ ಅಗತ್ಯವಿರಲಿಲ್ಲ. ಕೊನೆಯ ಅಕ್ಷರದ ಬಾಲ ಹೋಗಿ ಒಂದು ಹೂವಿಗೆ ಸೇರಿತ್ತು.

ತನ್ನ ಕೈಬರಹವನ್ನು ಯಾರು ತಾನೇ ಗುರುತಿಸುವುದಿಲ್ಲ?

ಹೊರಗೆ ಜೀಪು ನಿಂತ ಸದ್ದಾಯಿತು. ಶಹರ್ಬಾನು ಆ ತುಂಡನ್ನು ಒರೆಸಿ ಅಬ್ಬಾನ ಹಳೆಯ ಪೇಪರ್ ಡಬ್ಬಿಯೊಳಗೆ ಇಟ್ಟಳು. ಯಾಕೆ ಇಟ್ಟೆ ಎಂದು ತನ್ನನ್ನು ಕೇಳಿಕೊಳ್ಳಲು ಹೊತ್ತಿರಲಿಲ್ಲ.

*

ಶಶಿರೇಖಾ ಜೊತೆ ಬೈಲಪ್ಪನೂ ಬಂದಿದ್ದ. ಬಿಳಿ ಅಂಗಿ, ಹೆಗಲ ಮೇಲೆ ಮಡಿಸಿದ ಟವೆಲು. ಲಕ್ಕಮ್ಮನನ್ನು ಕಂಡೂ ಕಾಣದವನಂತೆ ನಿಂತ.

“ಬರೆದಿಟ್ಟಿದ್ದೀರಾ ಶಹರ್ಬಾನು ಅವರೇ?”

“ಬರಿಯೋಕೆ ಮುಂಚೆ ಒಂದು ತೋರಿಸಬೇಕು ಮೇಡಂ. ಒಳಗೆ ಬನ್ನಿ. ಬೈಲಪ್ಪನೋರೂ ಬರಲಿ.”

“ನಾವ್ಯಾಕಮ್ಮ ಕತ್ಲೆ ಕ್ವಾಣೆಗೆ?” ಎಂದ ಬೈಲಪ್ಪ. ಶಶಿರೇಖಾ ಅವನತ್ತ ನೋಡಿದರು. ಬಂದ.

ಕೆಂಪು ದೀಪದ ಕೆಳಗೆ ಶಹರ್ಬಾನು ಒಂದು ತಟ್ಟೆಯಲ್ಲಿ ಲಕ್ಕಮ್ಮ ಗಂಟಿನಲ್ಲಿ ತಂದಿದ್ದ ಎರಡು ಹಿಡಿ ಉಣ್ಣೆ ಇಟ್ಟಳು. “ಎರಡೂ ಅದೇ ಟಗರಿಂದು. ಒಂದಕ್ಕೆ ಓಬಳಯ್ಯನ ಕೆಂಪು ಹಚ್ಚಿದೆ, ಇನ್ನೊಂದು ಹೊಟ್ಟೆ ಕೆಳಗಿನ ಬಿಳಿ. ಕೆಂಪು ಯಾವುದು ತೋರಿಸಿ.”

“ಇದೇನು ಮಕ್ಕಳಾಟ,” ಎಂದು ಅವನು ಕೈ ಚಾಚಿದ.

“ಮುಟ್ಟಬೇಡಿ. ಎಣ್ಣೆ ಜಿಡ್ಡು ನಿಮ್ಮ ಬೆರಳಿಗೆ ಗೊತ್ತಾಗಿಬಿಡುತ್ತೆ. ಫೋಟೊ ಮುಟ್ಟಿ ನೋಡಲ್ಲ, ಕಣ್ಣಲ್ಲೇ ನೋಡೋದು.”

ಬೈಲಪ್ಪ ಬಗ್ಗಿದ. ಟವೆಲಿನಿಂದ ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದ. ಕೊನೆಗೆ ಎಡಗಡೆಯದನ್ನು ತೋರಿಸಿದ. ಶಹರ್ಬಾನು ತಟ್ಟೆಯನ್ನು ಹಾಗೇ ಹಿಡಿದು ಕಂಬಳಿ ಸರಿಸಿದಳು. ಹೊರಗಿನ ಬೆಳಕಿನಲ್ಲಿ ಬಲಗಡೆಯದು ಕೆಂಪಾಯಿತು.

ಬಾಗಿಲಾಚೆಯಿಂದ ಲಕ್ಕಮ್ಮ ಹೇಳಿದಳು, “ಕುರಿ ಯಾಪಾರ ಇನ್ಮ್ಯಾಲೆ ಕನ್ನಡಕ ಹಾಕ್ಕಂಡು ಮಾಡಪ್ಪ.”

ಶಶಿರೇಖಾ ನಗಲಿಲ್ಲ. ತಟ್ಟೆಯನ್ನು ತಾವೇ ಒಳಗೆ ಹೊರಗೆ ಹಿಡಿದು ನೋಡಿದರು. “ಕ್ಯಾಮೆರಾಗೂ ಹೀಗೇ ಕಂಡಿದೆ?”

“ಕೆಂಪು ಗಾಜಿನ ಮೂಲಕ ತೆಗೆದಿದ್ದು. ಲೋಹಿತಾ ಮೇಡಂ ಹೇಳಿಕೆ ಕೊಡ್ತಾರೆ.”

“ಅಂಗಾದ್ರೆ,” ಬೈಲಪ್ಪ ಚೇತರಿಸಿಕೊಂಡಿದ್ದ, “ಗುರುತು ಇದ್ರೂ ಕಾಣಕಿಲ್ಲ ಅಂದಂಗಾಯ್ತು. ಇತ್ತು ಅಂತ ಆಗ್ಲಿಲ್ವಲ್ಲ ಮೇಡಂ?”

“ಅದು ಸರಿ,” ಎಂದರು ಶಶಿರೇಖಾ, ನ್ಯಾಯವಾಗಿ.

“ಗಾಜಿಲ್ಲದೆ ತೆಗೆದದ್ದು ಒಂದಿದೆ.” ಶಹರ್ಬಾನು ನೆಗೆಟಿವನ್ನು ಎನ್‌ಲಾರ್ಜರಿಗೆ ಸೇರಿಸಿದಳು. “ನಿಮ್ಮೆದುರಿಗೇ ಹಾಕ್ತೀನಿ.”

ಶೆಲ್ಫಿನ ಮೇಲೆ ಎರಡು ಡಬ್ಬಿಗಳು ಪಕ್ಕಪಕ್ಕದಲ್ಲಿದ್ದವು. ಎರಡನೇ ನಂಬರ್ ತೆಗೆದರೆ ಓಬಳಯ್ಯ ಬಿಡುಗಡೆಯಾಗುತ್ತಾನೆ, ನೆರಳಿನಿಂದ ಅಸ್ಲಂನ ಆಟೊವೂ ಹೊರಬರುತ್ತದೆ. ನಾಲ್ಕನೇ ನಂಬರ್ ತೆಗೆದರೂ ಓಬಳಯ್ಯ ಬಿಡುಗಡೆಯಾಗುತ್ತಾನೆ. ಗುರುತು ಇನ್ನೂ ಖಡಕ್ಕಾಗಿ ಎದ್ದು ಕಾಣುತ್ತದೆ. ಮರದ ಬುಡ ಮಾತ್ರ ಕತ್ತಲಾಗಿರುತ್ತದೆ. ಯಾವುದೂ ಸುಳ್ಳಲ್ಲ. ಎರಡೂ ಅದೇ ನೆಗೆಟಿವ್.

ಅವಳ ಕೈ ನಾಲ್ಕನ್ನು ತೆಗೆಯಿತು.

ಟ್ರೇಯಲ್ಲಿ ಬಿಳಿ ಹಾಳೆಯ ಮೇಲೆ ಮೊದಲು ಮರಗಳು ಕರ್ರಗೆ ಬಂದವು, ಆಮೇಲೆ ತೊಟ್ಟಿಯ ನೆರಳು, ಆಮೇಲೆ ಟಗರಿನ ಚಪ್ಪೆಯ ಮೇಲೆ ಅಂಗೈಯಗಲದ ಕಪ್ಪು. ಶಶಿರೇಖಾ ಬಗ್ಗಿದರು.

“ಕುರಿ ಎಂದಿನಿಂದಲೂ ನಿಮ್ಮದೇ ಅಂದ್ರಲ್ಲ ಬೈಲಪ್ಪ,” ಎಂದರು ಶಶಿರೇಖಾ. “ದೀಪಾವಳಿ ಮರುದಿನವೇ ಅದರ ಮೈಮೇಲೆ ಓಬಳಯ್ಯನ ಗುರುತು ಯಾಕಿದೆ?”

“ಸಂತೇಲಿ ತಗಂಡಿದ್ದು ಇರ್ಬೋದು ಮೇಡಂ. ನೆಪ್ಪಿಲ್ಲ.”

“ಸ್ಟೇಶನ್‌ನಲ್ಲಿ ಕೂತು ನೆನಪು ಮಾಡ್ಕೊಳ್ಳೋಣ ಬನ್ನಿ.” ಅವರು ಲಕ್ಕಮ್ಮನ ಕಡೆ ತಿರುಗಿದರು. “ಹೋಗಿ ಅಮ್ಮ, ಸ್ಟೇಶನ್ ಹತ್ತಿರ ಇರಿ. ನಿಮ್ಮ ಯಜಮಾನರನ್ನ ಕಳಿಸಿಕೊಡ್ತೀನಿ.”

ಲಕ್ಕಮ್ಮ ಕೈ ಮುಗಿಯಲಿಲ್ಲ, ಅಳಲೂ ಇಲ್ಲ. ಲೋಟದ ತಳದ ಟೀ ಕುಡಿದು ಮುಗಿಸಿ ಎದ್ದಳು.

ಬೈಲಪ್ಪ ಎಲ್ಲರಿಗಿಂತ ಹಿಂದೆ ಉಳಿದ. ಒದ್ದೆ ಹಾಳೆಯಲ್ಲಿ ಕುರಿಗಳನ್ನು ಬಿಟ್ಟು ಅವನು ನೋಡುತ್ತಿದ್ದದ್ದು ಮರದ ಬುಡವನ್ನು. ದನಿ ತಗ್ಗಿಸಿ ಹೇಳಿದ:

“ಬುದ್ಧಿವಂತೆ ಕಣಮ್ಮ ನೀನು. ಅಲ್ಲಿ ಕರ್ರಗಿರೋದೇ ನಮ್ಮಿಬ್ರಿಗೂ ವಾಸಿ.”

*

ಇಳಿಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಸ್ಟುಡಿಯೊಗೆ ಬಂದರು. ಓಬಳಯ್ಯ ಕೆರೆಯಲ್ಲಿ ಮುಖ ತೊಳೆದುಕೊಂಡು, ರುಮಾಲು ಬಿಗಿದು ಬಂದಿದ್ದ. ಬೆಂಚಿನ ಮೇಲೆ ಕೂತವನ ಕಾಲು ನಿಲ್ಲುತ್ತಿರಲಿಲ್ಲ.

“ಅಲ್ಲಾಡ್ಬ್ಯಾಡ ಕಣಯ್ಯ,” ಎಂದಳು ಲಕ್ಕಮ್ಮ. “ಕುರಿ ಎಲ್ಲೂ ಓಡೋಗಕಿಲ್ಲ.”

“ಓಡೋಗಿದ್ವು ತಾನೆ ಒಂದ್ಕಿತ.”

“ಲೇ ಓಬಳಯ್ಯ, ಇತ್ಲಾಗೆ ನೋಡು. ನೀನೂ ನಗು,” ಎಂದು ಅವಳು ಗಂಡನನ್ನು ಹೆಸರು ಹಿಡಿದು ಕೂಗಿದ್ದಕ್ಕೆ ಅವನ ಮೀಸೆಯಡಿ ನಗು ಹರಡಿತು. ಅದೇ ಕ್ಷಣದಲ್ಲಿ ಶಹರ್ಬಾನು ಒತ್ತಿದಳು. ಅಬ್ಬಾನ ಹಳೆಯ ಕ್ಯಾಮೆರಾ ಟಪ್ ಎಂದಿತು. ಆ ಗಳಿಗೆಯಲ್ಲಿ ಅವಳ ಎದೆಯೂ ಹಗುರಾಗಿತ್ತು. ಬಹಳ ದಿನದ ಮೇಲೆ ಸ್ಟುಡಿಯೊದಲ್ಲಿ ಇಷ್ಟು ಚಂದದ ಮುಖಗಳು ಕೂತಿದ್ದವು.

“ಅಬ್ಬಾನ ಋಣ ತೀರ್ತು ಲಕ್ಕಮ್ಮ.”

“ಎಲ್ಲಿ ತೀರ್ತು? ಪಟ ಕೈಗೆ ಬಂದ್ಮ್ಯಾಲೆ ತೀರೋದು. ಬಂದು ಇಸ್ಕಂಡೋಯ್ತೀವಿ, ಚೆಂದಾಗಿ ತೊಳ್ದು ಇಕ್ಕು.”

ಅವರು ಮೆಟ್ಟಿಲಿಳಿಯುವಾಗ ಅಸ್ಲಂನ ಆಟೊ ಬಂದು ನಿಂತಿತು. ಓಬಳಯ್ಯ ದಾರಿ ಬಿಟ್ಟು ಸರಿದು, ಯಾರಿಗೋ ಹೇಳುವಂತೆ, “ಚೆನ್ನಾಗದಪ್ಪ ಹೂವ,” ಎಂದು ಹಿಂಬದಿಯ ಹಲಗೆಯನ್ನು ತಟ್ಟಿ ಹೋದ.

ಅಸ್ಲಂ ಒಳಬಂದು ನೀರು ಕುಡಿದ. ಅಂಗಿಯ ತುಂಬ ಕಡಲೆಕಾಯಿಯ ಧೂಳು.

“ಅಸ್ಲಂ, ನೀನು ಬುಕ್ಕಾಪಟ್ಟಣದ ಕಡೆ ಬಾಡಿಗೆಗೆ ಹೋಗಿದ್ದೆಯಾ? ದೀಪಾವಳಿ ಹೊತ್ತಿಗೆ?”

ಲೋಟ ಬಾಯಿಯ ಹತ್ತಿರ ಒಂದಿಷ್ಟು ಹೊತ್ತು ನಿಂತಿತು.

“ಆ ಕಡೆ ನಾನು ಹೋಗೇ ಇಲ್ಲ ಆಪಾ,” ಎಂದ. ಲೋಟ ಕೆಳಗಿಟ್ಟು ಬೋರಲು ಹಾಕಿದ. “ರೊಟ್ಟಿ ಇದೆಯಾ?”

ಅವಳು ರೊಟ್ಟಿಯ ಡಬ್ಬಿಗೆ ಕೈ ಹಾಕುವಾಗಲೇ ಫೋನ್ ಬಡಿದುಕೊಂಡಿತು. ಶಶಿರೇಖಾ.

“ಶಹರ್ಬಾನು ಅವರೇ, ಕೆಲಸ ಚೆನ್ನಾಯ್ತು. ಒಂದು ಮಾತು ಕೇಳೋಣ ಅಂತ. ನೀವು ಕೊಟ್ಟಿದ್ದು ನಾಲ್ಕನೇ ನಂಬರ್ ಪೇಪರ್ ಅಲ್ವಾ?”

“ಹೌದು ಮೇಡಂ.”

“ಅದು ನೆರಳು ನುಂಗುತ್ತೆ ಅಂತ ನಿನ್ನೆ ನೀವೇ ಹೇಳಿದ್ರಿ. ಅಷ್ಟು ಕುರಿ ರಾತ್ರೋರಾತ್ರಿ ನಡೆದು ಆ ತೋಪಿಗೆ ಹೋಗಿರಲ್ಲ. ಯಾರೋ ತಂದು ಇಳಿಸಿದ್ದಾರೆ. ಬೆಳಿಗ್ಗೆ ಬರ್ತೀನಿ. ಎರಡನೇ ನಂಬರಲ್ಲಿ ನನ್ನೆದುರಿಗೇ ಒಂದು ಹಾಕಿಕೊಡಿ.”

ಫೋನ್ ಇಟ್ಟಾಗ ಅಸ್ಲಂ ಅವಳ ಮುಖವನ್ನೇ ನೋಡುತ್ತಿದ್ದ. ಅವನ ಹಿಂದೆ, ಲಕ್ಕಮ್ಮನ ಮಾವ ನೇಯ್ದ ಕಂಬಳಿ ಸಂಜೆಯ ಗಾಳಿಗೆ ಮೆಲ್ಲಗೆ ಅಲುಗಿತು.

“ಯಾರು ಆಪಾ?” ಎಂದ ಅಸ್ಲಂ. ಕೇಳಿದವನು ಉತ್ತರಕ್ಕೆ ಕಾಯದೆ ಎದ್ದು, ಕಂಬಳಿ ಸರಿಸಿ, ನೆಗೆಟಿವ್ ಇನ್ನೂ ಎನ್‌ಲಾರ್ಜರಿನಲ್ಲೇ ಇದ್ದ ಡಾರ್ಕ್‌ರೂಮಿನೊಳಗೆ ಕಾಲಿಟ್ಟ.